ಒಂದನೆಯ ತರಗತಿಯ ವಿಷಯದಲ್ಲಿ ಹಿರಿಯರ ಕೆಲವು ಭ್ರಾಂತಿಗಳು

ಮುಂಬಯಿ-ಆಗ್ರಾ ಹೆದ್ದಾರಿಯ ಮೇಲೆ, ಗಿರಣಾ ಮತ್ತು ಮೋಸಮ್ ನದಿಗಳ ಆಸರೆಯಲ್ಲಿ ಬೆಳೆದ ಮಾಲೇಗಾಂವ್ ನಗರವು ವಿದ್ಯುನ್ಮಗ್ಗಗಳಿಗೆ ಹೆಸರಾದುದು. ಉತ್ತರ ಹಿಂದೂಸ್ಥಾನದಿಂದ ವಲಸೆ ಬಂದು ನೆಲಸಿದ ನೇಕಾರರ ಮಕ್ಕಳು ಅಲ್ಲಿ ಉರ್ದು ಶಾಲೆಗಳಲ್ಲಿಯೂ, ಸುತ್ತಣ ರೈತರ ಮಕ್ಕಳು ಮರಾಠಿ ಶಾಲೆಗಳಲ್ಲಿಯೂ ಅಕ್ಷರಾಭ್ಯಾಸ ಮಾಡುತ್ತಾರೆ. ಆ ಊರಿಗೂ ಕನ್ನಡ ಓದುಗರಿಗೂ ಏನು ಸಂಬಂಧವೆಂದು ಕೇಳುವವರುಂಟು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾಗಿ 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಆದುದರಿಂದ ಮಾಲೇಗಾಂವಿನ ಉರ್ದು ಮಗುವೂ ಜತ್ತ, ಅಕ್ಕಲಕೋಟೆಗಳ ಕನ್ನಡ ಮಗುವೂ ಒಂದೇ ರಾಜ್ಯದ ಒಂದೇ ಪಾಠಕ್ರಮದಲ್ಲಿ ಸಹಪಾಠಿಗಳು. ಅವರ ತಂದೆತಾಯಿಗಳ ತಪ್ಪು ಕಲ್ಪನೆಗಳೂ ಬಹುಮಟ್ಟಿಗೆ ಒಂದೇ.

ಅವುಗಳಲ್ಲಿ ಅತ್ಯಂತ ಬಲವಾದುದು, ಅಕ್ಷರಮಾಲೆಯನ್ನು ಆದ್ಯಂತವಾಗಿ ಒಪ್ಪಿಸಬಲ್ಲ ಮಗುವಿಗೆ ಓದು ಬಂದಿತೆಂಬ ನಂಬಿಕೆ. ಉರ್ದು ಮಗುವು ಅಲಿಫ್, ಬೇ, ಪೇ ಎಂದು ಕಡೆಯವರೆಗೆ ಹೇಳಿದರೂ, ಬಾಗಿಲೆಂಬ ಅರ್ಥದ ‘ಬಾಬ್’ ಎಂಬ ಪದವನ್ನು ಕಂಡು ತಬ್ಬಿಬ್ಬಾಗಬಹುದು. ಏತಕ್ಕೆಂದರೆ ಮೊದಲಿನ ಬೇ ಅಕ್ಷರವು ಅಲಿಫ್‌ನೊಡನೆ ಬೆಸೆದು ಕುಗ್ಗಿಹೋಗಿರುತ್ತದೆ, ಅಲಿಫ್ ತನ್ನ ಮುಂದಿನ ಅಕ್ಷರವನ್ನು ಕೂಡಿಸಿಕೊಳ್ಳದ ಕಾರಣ ಕೊನೆಯ ಬೇ ತನ್ನ ಪೂರ್ಣರೂಪದಲ್ಲಿಯೇ ನಿಂತಿರುತ್ತದೆ. ಒಂದೇ ಅಕ್ಷರಕ್ಕೆ ಒಂದೇ ಪದದಲ್ಲಿ ಎರಡು ಆಕಾರ! ನೂಲಿನ ಉಂಡೆಗಳನ್ನು ಬಣ್ಣದ ಅನುಕ್ರಮದಲ್ಲಿ ಜೋಡಿಸಿಟ್ಟ ಮಾತ್ರಕ್ಕೆ ಸೀರೆಯಾಗದೆಂಬುದನ್ನು ಮಾಲೇಗಾಂವಿನ ನೇಕಾರನಿಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೂ ಅವನೇ ಮಗನ ವಿಷಯದಲ್ಲಿ ಉಂಡೆಗಳನ್ನು ಎಣಿಸಿ ತೃಪ್ತನಾಗುತ್ತಾನೆ.

ಕನ್ನಡನಾಡಿನಲ್ಲಿ ಈ ಭ್ರಾಂತಿಯನ್ನು ನೇರವಾಗಿ ಎದುರಿಸಿದ ಪ್ರಯೋಗವೆಂದರೆ ನಲಿಕಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಿತರಾಗಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಆರಂಭಿಸಿದ ಈ ಕ್ರಮವು 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಇದರಲ್ಲಿ ಮಗುವು ಮೊದಲು ಕಲಿಯುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಇದನ್ನು ಕೇಳಿ ಸರಸ್ವತಿಗೆ ಅಪಚಾರವಾಯಿತೆಂದು ನೊಂದುಕೊಂಡ ಅಜ್ಜಂದಿರಿದ್ದಾರೆ. ಆದರೆ ಈ ಐದರಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂದು ಅರ್ಥವುಳ್ಳ ಪದಗಳನ್ನು ಮಗುವು ಓದತೊಡಗುತ್ತದೆ. ಸಾಂಪ್ರದಾಯಿಕ ಕ್ರಮದ ಮೊದಲ ನಾಲ್ಕು ಸ್ವರಗಳನ್ನು ಹಿಡಿದುಕೊಂಡು ಕುಳಿತರೆ ‘ಆ’, ‘ಈ’ ಎಂದು ಬೆರಳು ತೋರಿಸುವುದಕ್ಕಿಂತ ಹೆಚ್ಚಿನ ಸಾಹಿತ್ಯವೇನೂ ಹುಟ್ಟುವುದಿಲ್ಲ. ವರ್ಣಮಾಲೆಯ ಕ್ರಮವು ವ್ಯರ್ಥವೆಂದು ಇದರ ಅರ್ಥವಲ್ಲ. ಉಚ್ಚಾರಣಾಸ್ಥಾನಗಳನ್ನನುಸರಿಸಿ ವರ್ಗೀಕರಿಸಿದ ಆ ವ್ಯವಸ್ಥೆಯು ನಮ್ಮ ಪೂರ್ವಿಕರ ಶಾಸ್ತ್ರಬುದ್ಧಿಗೆ ಸಾಕ್ಷಿ, ನಿಘಂಟನ್ನು ತೆರೆಯುವವನಿಗೆ ಅನಿವಾರ್ಯ; ಆದರೆ ಆರು ವರ್ಷದ ಮಗುವು ನಿಘಂಟನ್ನು ತೆರೆಯುವುದಿಲ್ಲ.

ನಿಶ್ಶಬ್ದವಾದ ತರಗತಿಯೇ ಉತ್ತಮವೆಂಬುದು ಇನ್ನೊಂದು ನಂಬಿಕೆ. ನಲಿಕಲಿಯ ಕೊಠಡಿಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಪಾಠಗಳನ್ನು ಮೆಟ್ಟಿಲುಗಳಂತೆ ಅಣಿಗೊಳಿಸಿದ ಕಲಿಕಾ ಏಣಿಯಲ್ಲಿ ತಾವು ನಿಂತ ಮೆಟ್ಟಿಲಿಗೆ ತಕ್ಕ ಕಾರ್ಡನ್ನು ತಾವೇ ಆರಿಸಿಕೊಂಡು, ಒಬ್ಬರನ್ನೊಬ್ಬರು ಕೇಳುತ್ತ ಮುಂದುವರಿಯುತ್ತಾರೆ. ಅಲ್ಲಿ ಮೌನವಿದ್ದರೆ ಯಾರೂ ಏನನ್ನೂ ಕೇಳುತ್ತಿಲ್ಲವೆಂದೇ ತಿಳಿಯತಕ್ಕದ್ದು. ಗಲಭೆಯೆಲ್ಲ ವಿದ್ಯೆಯೆಂದು ನಾನು ವಾದಿಸುವುದಿಲ್ಲ, ಕೆಲವೆಡೆ ಅದು ಬರಿಯ ಗಲಭೆಯೇ.

ಇನ್ನು, ಹಾಜರಿ, ಪ್ರಾರ್ಥನೆ, ಊಟದ ಸರದಿ ಇವುಗಳಲ್ಲಿ ಪಾಠದ ವೇಳೆ ಹಾಳಾಗುತ್ತದೆಂಬ ಆಕ್ಷೇಪ. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ ವಿಧಿಸಿದೆ, ಎಂದರೆ ದಿನಕ್ಕೆ ನಾಲ್ಕು ಗಂಟೆ. ಇದರಲ್ಲಿ ಕಾಲು ಗಂಟೆ ಹೋದರೂ ನಷ್ಟವೆಂದು ಲೆಕ್ಕ ಹಾಕುವವರು ಆ ಕಾಲು ಗಂಟೆಯೊಳಗಣ ಲೆಕ್ಕವನ್ನು ನೋಡಿರುವುದಿಲ್ಲ. ಹಲಗೆಯ ಮೇಲೆ ಒಟ್ಟು ಮಕ್ಕಳೆಷ್ಟು, ಬಂದವರೆಷ್ಟು, ಬಾರದವರೆಷ್ಟು ಎಂದು ಮಗುವೊಂದು ತಾನೇ ಎಣಿಸಿ ಬರೆದಾಗ, ವ್ಯವಕಲನವೆಂಬ ಹೆಸರನ್ನು ಕೇಳುವ ಮೊದಲೇ ಅದು ಕಳೆಯುವ ಕ್ರಿಯೆಯನ್ನು ಮಾಡಿ ಮುಗಿಸಿರುತ್ತದೆ. ಹವಾಮಾನದ ಪಟದಲ್ಲಿ ಇಂದು ಮೋಡ, ನಿನ್ನೆ ಬಿಸಿಲು ಎಂದು ಗುರುತಿಸುವಾಗ ಕಾಲದ ಪರಿಜ್ಞಾನವೂ ಭೂತ, ವರ್ತಮಾನಗಳ ವ್ಯಾಕರಣವೂ ಅರಿವಿಲ್ಲದೆ ಬೆಳೆಯುತ್ತವೆ. ಮಹಾರಾಷ್ಟ್ರದ ಶಾಲೆಗಳಲ್ಲಿ ಮಧ್ಯಾಹ್ನ ಖಿಚಡಿ ಬಡಿಸುವಾಗ ತಲೆಗೊಂದು ತಟ್ಟೆಯಂತೆ ಹಂಚುವ ಮಗುವು ಎಣಿಕೆಯ ತಳಹದಿಯಾದ ಒಂದಕ್ಕೊಂದು ಹೊಂದಾಣಿಕೆಯನ್ನು ಕೈಯಾರೆ ಕಲಿಯುತ್ತದೆ. ಪ್ರತಿದಿನವೂ ಒಂದೇ ಕ್ರಮದಲ್ಲಿ ಇವು ನಡೆಯುವುದರಿಂದ, ಮುಂದೇನೆಂಬ ಆತಂಕವು ಅಡಗಿ, ಮನೆಯನ್ನು ಬಿಟ್ಟು ಬಂದ ಎಳೆಯ ಮನಸ್ಸು ಪಾಠದ ಕಡೆಗೆ ತಿರುಗಲು ಅವಕಾಶವಾಗುತ್ತದೆ.

ಬೆರಳೆಣಿಸುವುದು ದಡ್ಡತನದ ಲಕ್ಷಣವೆನ್ನುವವರಿಗೆ ಉತ್ತರ ಚಿಕ್ಕದು: ದಶಮಾನ ಪದ್ಧತಿ ಹುಟ್ಟಿದ್ದೇ ಹತ್ತು ಬೆರಳುಗಳಿಂದಲೆಂದು ವಿದ್ವಾಂಸರು ಭಾವಿಸುತ್ತಾರೆ.

ಮನೆಯ ಮಾತು ಶಾಲೆಯ ಭಾಷೆಯನ್ನು ಕೆಡಿಸುತ್ತದೆಂಬ ಭಯವು ಇವೆಲ್ಲಕ್ಕಿಂತ ಹೆಚ್ಚು ಹಾನಿಕರ. ಮಾಲೇಗಾಂವಿನ ಸುತ್ತಣ ಹಳ್ಳಿಗಳಲ್ಲಿ ಮನೆಮನೆಯ ಮಾತು ಅಹಿರಾಣಿ, ಪುಸ್ತಕದ್ದು ಪುಣೆಯ ಮರಾಠಿ. ಜತ್ತದ ಮಗುವಿನ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಹೀಗೆಯೇ ಅಂತರವುಂಟು. ಗೊತ್ತಿರುವ ಮಾತಿನ ಮೂಲಕವಲ್ಲದೆ ಗೊತ್ತಿಲ್ಲದ ವಿಷಯವು ಮಗುವಿನ ಬುದ್ಧಿಯನ್ನು ಪ್ರವೇಶಿಸಲಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿದ್ದೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಯ ಭಾಷೆಯಲ್ಲಿ ಬೋಧಿಸಬೇಕೆಂದು ಹೇಳಿರುವುದು ಈ ಕಾರಣದಿಂದಲೇ. ಮಗುವು ಅಹಿರಾಣಿಯಲ್ಲಿ ಉತ್ತರಿಸಿದೊಡನೆ ತಿದ್ದಿ ಬಾಯಿ ಮುಚ್ಚಿಸುವ ಶಿಕ್ಷಕನು ಮರಾಠಿಯನ್ನು ಕಲಿಸಿದಂತಾಗಲಿಲ್ಲ, ಉತ್ತರಿಸುವುದನ್ನು ಮರೆಸಿದಂತಾಯಿತು.

ಕೊನೆಯದಾಗಿ, ಸಂಜೆ ಚೀಲವನ್ನು ತಡವಿ, ನಕಲು ಬರೆದ ಪುಟಗಳು ಕಾಣದಿದ್ದರೆ ಶಾಲೆಯೇ ನಡೆಯಲಿಲ್ಲವೆಂದು ತೀರ್ಮಾನಿಸುವ ತಂದೆಯ ಮಾತು. ಎರಡನೆಯ ತರಗತಿಯವರೆಗೆ ಮನೆಗೆಲಸವನ್ನೇ ಕೊಡಬಾರದೆಂದೂ, ಚೀಲದ ತೂಕವು 1.6ರಿಂದ 2.2 ಕಿಲೋಗ್ರಾಮಿನ ಮಿತಿಯೊಳಗಿರಬೇಕೆಂದೂ 2020ರ ಶಾಲಾಚೀಲ ನೀತಿಯು ಸೂಚಿಸಿದೆ. ಮನೆಗೆಲಸಕ್ಕೆ ಬದಲಾಗಿ, ಸಂಜೆಯನ್ನು ಹೇಗೆ ಕಳೆದೆವು, ಯಾವ ಆಟವಾಡಿದೆವು, ಏನು ಉಂಡೆವು ಎಂದು ಮಕ್ಕಳು ತರಗತಿಯಲ್ಲಿ ಮಾತಾಡಲೆಂದು ಆ ನೀತಿಯ ಅಪೇಕ್ಷೆ. ಸಂಜೆಯೆಲ್ಲ ನಕಲು ಬರೆಯುವುದರಲ್ಲಿಯೇ ತೀರಿಹೋದರೆ, ಮರುದಿನ ಹೇಳುವುದಕ್ಕೆ ಮಗುವಿನ ಬಳಿ ಆ ನಕಲಿನ ಹೊರತು ಬೇರೇನೂ ಇರುವುದಿಲ್ಲ.