ನಂದಿಬಟ್ಟಲಿನ ಹಸಿರು ಹುಳು

ಶೋಳಿಂಗನಲ್ಲೂರಿನಲ್ಲಿ ಬಾಡಿಗೆಗೆ ಇರುವ ಗೆಳೆಯರೊಬ್ಬರು ಹೋದ ವಾರ ವಾಚನಾಲಯಕ್ಕೆ ಬಂದಾಗ ಚಿಂತೆಯಲ್ಲಿದ್ದರು. ಮನೆಯ ಮುಂದಿನ ನಂದಿಬಟ್ಟಲಿನ ಗಿಡದಲ್ಲಿ ಬೆರಳುದ್ದದ ಹಸಿರು ಹುಳು ಕಾಣಿಸಿಕೊಂಡಿದೆಯಂತೆ. ತಲೆಯ ಬಳಿ ಎರಡು ನೀಲಿ ಕಣ್ಣು, ಹಿಂದೆ ಒಂದು ಕೊಂಬು. ಕಚ್ಚಿದರೆ ವಿಷವೇರುತ್ತದೆಂದು ಯಾರೋ ಹೇಳಿದ್ದರಿಂದ ಮನೆಯೊಡೆಯರು ಗಿಡವನ್ನೇ ಕಡಿಸುವುದಾಗಿ ಹೇಳಿದ್ದಾರೆ. ಪೂಜೆಗೆ ಹೂವು ಕೊಡುತ್ತಿದ್ದ ಗಿಡ ಅದೊಂದೇ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಆ ಹುಳು ಯಾರನ್ನೂ ಕುಟುಕುವುದಿಲ್ಲ. ಕಂಬಳಿಹುಳುವಿಗಿರುವಂತೆ ತುರಿಕೆ ತರುವ ರೋಮ ಇದಕ್ಕಿಲ್ಲ, ಕೊಂಬೂ ಚುಚ್ಚಲಾರದು. ನೀಲಿ ಕಣ್ಣುಗಳೆಂಬುವು ಕಣ್ಣೇ ಅಲ್ಲ, ಬರಿಯ ಬಣ್ಣದ ಮಚ್ಚೆಗಳು. ಹಕ್ಕಿಯೊಂದು ಹತ್ತಿರ ಬಂದಿತೆಂದರೆ ಹುಳು ತಲೆಯನ್ನು ಒಳಕ್ಕೆಳೆದುಕೊಂಡು ಮೈಯ ಮುಂಭಾಗವನ್ನು ಉಬ್ಬಿಸುತ್ತದೆ. ಆಗ ಮಚ್ಚೆಗಳು ಅಗಲವಾಗಿ, ನೋಡುವವರಿಗೆ ಹಾವಿನ ಮರಿಯ ನೆನಪಾಗುತ್ತದೆ. ಮನೆಯೊಡೆಯರು ಹೆದರಿದ್ದರಲ್ಲಿ ತಪ್ಪೇನಿಲ್ಲ, ಹೆದರಿಸುವ ವೇಷವೇ ಅದು.

ಇದು ಓಲಿಯಾಂಡರ್ ಹಾಕ್‌ಮಾತ್ ಎಂಬ ಪತಂಗದ ಮರಿ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗ ಕಣಗಿಲೆಯ ಹೆಸರನ್ನೇ ಸೇರಿಸಿದನು. ಕಣಗಿಲೆಯನ್ನು ಇಲ್ಲಿಯವರು ಅರಳಿ ಎನ್ನುತ್ತಾರೆ; ಊರಿನಿಂದ ಹೊಸದಾಗಿ ಬಂದವರು ಅರಳಿಕಟ್ಟೆಯ ಮರವೆಂದು ತಿಳಿದು ಮೋಸಹೋಗುವುದುಂಟು. ಕಣಗಿಲೆಯ ಎಲೆ ದನಕರುಗಳಿಗೆ ವಿಷ. ಈ ಹುಳುವಿಗೋ ಅದೇ ಮೃಷ್ಟಾನ್ನ. ನಂದಿಬಟ್ಟಲೂ ಅದೇ ಹಾಲುಗಿಡಗಳ ಕುಟುಂಬದ್ದು.

ಬಲಿತ ಹುಳು ಮೇವು ಬಿಟ್ಟು, ಕಂದುಬಣ್ಣಕ್ಕೆ ತಿರುಗಿ, ಗಿಡದಿಂದ ಕೆಳಗಿಳಿಯುತ್ತದೆ. ಅಂಗಳ ದಾಟುವಾಗ ಚಪ್ಪಲಿಗೆ ಸಿಕ್ಕಿ ಸಾಯುವುದು ಆಗಲೇ. ತರಗೆಲೆಗಳ ನಡುವೆ ತೆಳುವಾದ ಗೂಡು ಕಟ್ಟಿ ಕೋಶವಾಗುತ್ತದೆ. ಆದುದರಿಂದ ಗುಡಿಸುವಾಗ ಬುಡದಲ್ಲಿ ಒಂದು ಹಿಡಿ ಎಲೆ ಬಿಟ್ಟರೆ ಒಳ್ಳೆಯದು. ಎರಡು ಮೂರು ವಾರಗಳಲ್ಲಿ ಪತಂಗ ಹೊರಬರುತ್ತದೆ. ರೆಕ್ಕೆ ಬಿಚ್ಚಿದರೆ ಸುಮಾರು 10 ಸೆಂಟಿಮೀಟರ್ ಅಗಲ; ಹಸಿರು, ಬಿಳಿ, ನಸುಗೆಂಪು ಕಲೆಸಿದ ಚೀಟಿಬಟ್ಟೆಯ ಹಾಗಿರುತ್ತದೆ. ಮಹಡಿಮೆಟ್ಟಿಲಿನ ದೀಪದ ಬಳಿ ಗೋಡೆಗೆ ಅಂಟಿಕೊಂಡು ಕೂತದ್ದನ್ನು ನೀವೂ ಕಂಡಿರಬಹುದು. ಕತ್ತಲಾಗುತ್ತಲೇ ಹೂವಿನ ಮುಂದೆ ಗಾಳಿಯಲ್ಲಿ ನಿಂತು, ಉದ್ದನೆಯ ನಾಲಗೆಯಿಂದ ಮಕರಂದ ಹೀರುತ್ತದೆ. ಹಾರುವುದರಲ್ಲಿ ಇದರ ಜಾತಿಯೇ ಗಟ್ಟಿ. ಬೇಸಗೆಯಲ್ಲಿ ಆಫ್ರಿಕದ ಕಡೆಯಿಂದ ಸಮುದ್ರ ದಾಟಿ ಯೂರೋಪಿಗೆ ಹೋಗುವುವು. ಅಪರೂಪಕ್ಕೆ ಇಂಗ್ಲೆಂಡನ್ನೂ ಮುಟ್ಟುತ್ತವೆ. ಅಲ್ಲಿಯ ಚಳಿಗಾಲವನ್ನು ಮಾತ್ರ ತಡೆಯಲಾರವು.

ಗಿಡದ ಕೆಳಗೆ ಕರಿಯ, ದಪ್ಪ ಹಿಕ್ಕೆ ಬಿದ್ದಿದ್ದರೆ ಮೇಲೆ ಹುಳುವಿದೆಯೆಂದು ತಿಳಿಯಿರಿ. ಒಂದೆರಡಿದ್ದರೆ ಬಿಟ್ಟುಬಿಡಿ, ತಿಂದ ಕೊಂಬೆ ಮತ್ತೆ ಚಿಗುರುತ್ತದೆ. ಗಿಡ ಚಿಕ್ಕದಾಗಿ ಹುಳು ಹೆಚ್ಚಾಗಿದ್ದರೆ ಎಲೆಸಹಿತ ಕಿತ್ತು ಬೇರೊಂದು ಕಣಗಿಲೆಗೆ ದಾಟಿಸಬಹುದು. ಕೈಗೆ ಹಾಲು ತಾಗುವುದರಿಂದ ಸೋಪಿನಿಂದ ತೊಳೆದುಕೊಳ್ಳಿ. ದೇವರ ಹೂವಿನ ಗಿಡಕ್ಕೆ, ಮಕ್ಕಳು ಆಡುವ ಕಡೆ, ಔಷಧಿ ಹೊಡೆಯುವುದು ಬೇಡ.

ನಮ್ಮ ಗೆಳೆಯರಿಗೆ ಮನೆಯೊಡೆಯರು ಹದಿನೈದು ದಿನದ ಗಡುವು ಕೊಟ್ಟಿದ್ದಾರೆ. ಅವರು ಹೇಳಿದ ಗಾತ್ರ ನಿಜವಾದರೆ, ಅಷ್ಟರೊಳಗೆ ಹುಳು ತಾನಾಗಿಯೇ ಇಳಿದುಹೋಗಿರುತ್ತದೆ.