ಬಿದಿರಿನ ಹಿಸ್ಸೆ

ಸಂಸ್ಕೃತದಲ್ಲಿ ಬಿದಿರಿಗೆ ‘ವಂಶ’ವೆಂಬ ಹೆಸರುಂಟು; ಮನೆತನಕ್ಕೂ ಅದೇ ಹೆಸರು. ಈ ನಾನಾರ್ಥವನ್ನು ಮಕ್ಕಳಿಗೆ ಮೂವತ್ತು ವರುಷ ಪಾಠ ಹೇಳಿದ ನನಗೆ ಅದರ ಮರ್ಮ ತಿಳಿದುದು ಮಾತ್ರ ನಿವೃತ್ತನಾದ ಮೇಲೆ, ಆಳಂದದ ನಮ್ಮ ಹಿತ್ತಲಿನಲ್ಲಿ.

ಅಲ್ಲಿ ತಂದೆಯವರು ನೆಟ್ಟ ಹಳದಿ ಬಿದಿರಿನ ಮೆಳೆಯೊಂದಿದೆ. ಅವರು ತೀರಿಕೊಂಡ ತರುವಾಯ ಅಣ್ಣನಿಗೂ ನನಗೂ ಹಿಸ್ಸೆಯಾಗಿ ಹಿತ್ತಲಿನ ನಡುವೆ ಗೋಡೆಯೆದ್ದಿತು. ಮೆಳೆ ನನ್ನ ಪಾಲಿಗೆ ಬಂದಿತು. ಮಾತು ಇಬ್ಬರ ಪಾಲಿಗೂ ಬರಲಿಲ್ಲ. ಆದರೆ ಬಿದಿರು ಹಿಸ್ಸೆಪತ್ರವನ್ನು ಓದಬಲ್ಲುದೆ? ಕೆಲವು ವರುಷಗಳ ಹಿಂದೆ, ಒಂದು ಮಳೆಗಾಲದಲ್ಲಿ, ಅದರ ಬೇರುಗಡ್ಡೆ ಗೋಡೆಯ ಬುಡವನ್ನೇ ಎತ್ತಿತು. ಅಣ್ಣ ಆಳಿನ ಕೈಯಲ್ಲಿ ಹೇಳಿ ಕಳುಹಿಸಿದ: “ನಿಮ್ಮ ಬಿದರು ನಮ್ಮ ಗ್ವಾಡಿ ಕೆಡವಲಿಕ್ಕತ್ತದ.” ಅಪ್ಪ ನೆಟ್ಟದ್ದು ‘ನಿಮ್ಮ’ದಾಯಿತು!

ಸಿಟ್ಟಿನಲ್ಲಿ, ಬುಡಸಹಿತ ಕೀಳಿಸಿಬಿಡುವೆನೆಂದು ವೃದ್ಧ ಮೇದಾರರೊಬ್ಬರನ್ನು ಕರೆಸಿದೆ. ಬುಟ್ಟಿ ಹೆಣೆಯುತ್ತ ಶರಣನಾದ ಮೇದಾರ ಕೇತಯ್ಯ 12ನೆಯ ಶತಮಾನದಲ್ಲಿ ಬಾಳಿದ ಕಲ್ಯಾಣ ನಮ್ಮೂರಿಗೆ ಬಹುದೂರವಲ್ಲ. ಮುದುಕರು ಮೆಳೆಯನ್ನು ಸುತ್ತಿ ನೋಡಿ ನಕ್ಕರು: “ಮಾಸ್ತರ, ಇದು ಹರಿದಾಡೂ ಜಾತಿ ಅಲ್ರಿ. ಕಡದು ಒಗೀಬ್ಯಾಡ್ರಿ, ಒಡದು ಹಂಚ್ರಿ.”

ನಿಜ. ಚೀನ, ಜಪಾನುಗಳಲ್ಲಿ ನೆಲದೊಳಗೆ ಗಜಗಟ್ಟಲೆ ಓಡಿ ಎಲ್ಲೋ ತಲೆಯೆತ್ತುವ ಬಿದಿರುಗಳುಂಟು. ನಮ್ಮದು ತಾಯಿಯ ಮಗ್ಗುಲು ಬಿಡದ ಜಾತಿ. ಹಳೆಯ ಗಡ್ಡೆಯ ಮೊಗ್ಗಿನಿಂದ ಹೊಸ ಕಳಲೆ ಹುಟ್ಟುತ್ತದೆ. ನಡುವೆ ಮುದಿ ಬಿದಿರುಗಳು ಇಕ್ಕಟ್ಟಾದಂತೆಲ್ಲ ಎಳೆಯವು ಹೊರಹೊರಗೆ ಸರಿಯುತ್ತವೆ. ತಂದೆಯವರ ಕಾಲದಿಂದೀಚೆಗೆ ನಾನು ಒಂದನ್ನೂ ಕಡಿದಿರಲಿಲ್ಲ. ತಪ್ಪು ಬಿದಿರಿನದಾಗಿರಲಿಲ್ಲ.

ಆ ಚಳಿಗಾಲದಲ್ಲಿ ಅವರು ಒಂದು ಕಡೆಯಿಂದ ದಾರಿ ಮಾಡಿಕೊಂಡು ಒಳಹೊಕ್ಕು, 3 ವರುಷ ಮೀರಿದವುಗಳಲ್ಲಿ ಬಹುಪಾಲನ್ನು ತೆಗೆದರು. ಮೆಳೆ ಕುದುರೆಲಾಳದ ಆಕಾರ ತಾಳಿ ಒಳಗೆಲ್ಲ ಬೆಳಕಾಯಿತು. ಗೋಡೆಯ ಗುಂಟ 2 ಅಡಿ ಆಳದ ಕಾಲುವೆ ತೋಡಿ, ಆಚೆ ಹೊರಟ ಗಡ್ಡೆಗಳನ್ನು ಕತ್ತರಿಸಿದರು. ಆ ಕಡೆ ಏಳುವ ಕಳಲೆಯನ್ನು ಎಳೆಯದಿರುವಾಗಲೇ ಮುರಿಯಬೇಕೆಂದು ಎಚ್ಚರಿಸಿದರು.

ಒಡೆಯುವ ಕೆಲಸಕ್ಕೆ ಮಿರಗದ ಮಳೆಯವರೆಗೆ ಕಾದೆವು. ಅಂಚಿನಲ್ಲಿದ್ದ, ಒಂದು ವರುಷದ ಬಿದಿರನ್ನು ಆರಿಸಿ, ಮೂರು ಗಿಣ್ಣುಗಳನ್ನು ಉಳಿಸಿ ತಲೆಗಡಿದು, ಬುಡದ ಮಣ್ಣು ಬಿಡಿಸಿ, ತಾಯಿಗಡ್ಡೆಗೆ ಕೂಡಿದ ಕೊರಳನ್ನು ಹರಿತವಾದ ಕೊಡಲಿಯಿಂದ ಒಂದೇ ಏಟಿಗೆ ಬೇರ್ಪಡಿಸಿದರು. “ಜಗ್ಗಿ ಹರದ್ರ ಎರಡೂ ಸಾಯ್ತಾವ್ರಿ,” ಎಂದರು. ನಾನು ಗೋಡೆಯತ್ತ ನೋಡಿದೆ.

ಬೇರು ಒಣಗದಂತೆ ಹಸಿ ಗೋಣಿಯಲ್ಲಿ ಸುತ್ತಿದ ಆ ಸಸಿಯನ್ನು ಆಳಿನ ಕೈಗೆ ಕೊಡದೆ, ನಾನೇ ಹೊತ್ತು ಅಣ್ಣನ ಬಾಗಿಲಿಗೆ ಹೋದೆ. ಅವನು ಬಹಳ ಹೊತ್ತು ಗೋಣಿಯನ್ನೇ ನೋಡಿದ.

“ಅಪ್ಪಂದೇನು?”

“ಹೌದು.”

“ಗ್ವಾಡಿಗಿ ದೂರ ಹಚ್ಚೂಣು,” ಎಂದು ಗುದ್ದಲಿಯನ್ನು ತಾನೇ ತಂದ.

ಈಗ ಅಲ್ಲಿಯೂ ಒಂದು ಮೆಳೆಯಿದೆ. ಗೋಡೆ ಹಾಗೆಯೇ ನಿಂತಿದೆ. ಅದರ ಬುಡದ ಕಾಲುವೆಯನ್ನು ವರುಷಕ್ಕೊಮ್ಮೆ, ಮಳೆಗೆ ಮುಂಚೆ, ಇಬ್ಬರೂ ಕೂಡಿ ಹಸನು ಮಾಡುತ್ತೇವೆ.