ಎಳೆಗಳೂ ಬೀಗಗಳೂ

ಅತ್ತೆ ಸಾರಿನ ರುಚಿ ನೋಡಿ, ಉಪ್ಪಿಲ್ಲವೆಂದು ಕಂಡು, ಭರಣಿಯ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಸೊಸೆಯೂ ರುಚಿ ನೋಡಿ ಉಪ್ಪು ಹಾಕುತ್ತಾಳೆ. ಬಳಿಕ ಅತ್ತೆಯೂ ಹಾಕುತ್ತಾರೆ. ಇಬ್ಬರೂ ಸರಿಯಾದುದನ್ನೇ ಮಾಡಿದರು. ಆದರೂ ಸಾರು ಕೆಟ್ಟಿತು! ನೋಡುವುದಕ್ಕೂ ಹಾಕುವುದಕ್ಕೂ ನಡುವಣ ಆ ಗಳಿಗೆಯೇ ಕೇಡಿಗೆ ಮೂಲ.

ಗಣಕಯಂತ್ರದೊಳಗೂ ಇದೇ ಕಥೆ. ಒಂದೇ ಕ್ರಮವಿಧಿಯಲ್ಲಿ ಹಲವು ಕೆಲಸಗಳು ಏಕಕಾಲದಲ್ಲಿ ಸಾಗುವುದುಂಟು. ಇಂತಹ ಒಂದೊಂದು ಕೆಲಸದ ಸರಣಿಗೆ 'ಥ್ರೆಡ್', ಎಂದರೆ ಎಳೆ, ಎಂದು ಹೆಸರು. ಎಳೆಗಳು ಬೇರೆಬೇರೆಯಾದರೂ ಅವುಗಳ ಸ್ಮೃತಿಕೋಶ ಒಂದೇ. ಖಾತೆಯಲ್ಲಿ 1000 ರೂಪಾಯಿ ಇದೆಯೆನ್ನಿ. ಒಂದು ಎಳೆ 200, ಇನ್ನೊಂದು 300 ಜಮಾ ಮಾಡಬೇಕು. ಎರಡೂ 1000 ಎಂದೇ ಓದಿಕೊಂಡವು. ಮೊದಲಿನದು 1200 ಎಂದು ಬರೆಯಿತು. ಎರಡನೆಯದು ಅದರ ಮೇಲೆಯೇ 1300 ಎಂದು ಬರೆಯಿತು. 1500 ಇರಬೇಕಾದಲ್ಲಿ 200 ರೂಪಾಯಿ ಮಾಯವಾಯಿತು. ಬಿಡಿಯಾಗಿ ಶುದ್ಧವಾಗಿರುವ ಪದಗಳು ಸಂಧಿಯಲ್ಲಿ ಕೆಡುವುದನ್ನು ನಾನು ತರಗತಿಯಲ್ಲಿ ನಿತ್ಯವೂ ಕಾಣುತ್ತೇನೆ; ಇದೂ ಅಂತಹುದೇ.

ಇದಕ್ಕೆ ಪರಿಹಾರವೇ ಬೀಗ. ಓದುವ ಮೊದಲು ಬೀಗವನ್ನು ವಶಪಡಿಸಿಕೊಳ್ಳಬೇಕು, ಬರೆದ ಮೇಲೆ ಬಿಟ್ಟುಕೊಡಬೇಕು. ಅಲ್ಲಿಯವರೆಗೆ ಉಳಿದ ಎಳೆಗಳು ಬಾಗಿಲಲ್ಲಿ ಕಾಯಬೇಕು. ಹಾಲೆಂಡಿನ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲಿ 'ಸೆಮಫೋರ್' ಎಂಬ ಉಪಾಯವನ್ನು ವಿವರಿಸಿದರು. ರೈಲಿನ ಕೈಕಂಬಕ್ಕಿರುವ ಹೆಸರೇ ಇದು. 1995ರಲ್ಲಿ ಪ್ರಕಟವಾದ ಜಾವಾ ಭಾಷೆಯಲ್ಲಿ 'ಸಿಂಕ್ರೊನೈಸ್ಡ್' ಎಂಬ ಒಂದೇ ಪದದಿಂದ ಬೀಗ ಬೀಳುತ್ತದೆ; ಆ ಭಾಗದಿಂದ ಹೊರಬಂದೊಡನೆ, ನಡುವೆ ತಪ್ಪು ಸಂಭವಿಸಿ ಹೊರಬಿದ್ದರೂ ಸಹ, ತಾನಾಗಿ ತೆರೆಯುತ್ತದೆ.

ಹಾಗಾದರೆ ಎಲ್ಲೆಡೆಯೂ ಬೀಗ ಹಾಕಿಬಿಡಬಹುದೆ? ಕೂಡದು. ಒಬ್ಬಳು ಒರಳನ್ನು ಹಿಡಿದು ಒನಕೆಗಾಗಿಯೂ, ಮತ್ತೊಬ್ಬಳು ಒನಕೆಯನ್ನು ಹಿಡಿದು ಒರಳಿಗಾಗಿಯೂ ಕಾದರೆ ಭತ್ತ ಎಂದಿಗೂ ಅಕ್ಕಿಯಾಗದು. ಮೊದಲು ಒರಳು, ಆಮೇಲೆ ಒನಕೆ ಎಂಬ ಒಂದೇ ಕ್ರಮವನ್ನು ಎಲ್ಲರೂ ಪಾಲಿಸಿದರೆ ಈ ತೊಡಕಿಲ್ಲ.

ಇದು ಬರಿಯ ಪಂಡಿತರ ಚರ್ಚೆಯೆಂದು ತಿಳಿಯಬಾರದು. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬುದು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ನೀಡುವ ಯಂತ್ರ. ಹಿಂದಿನ ಯಂತ್ರದಲ್ಲಿದ್ದ ಕೆಲವು ವಿದ್ಯುತ್ ತಡೆಗಳನ್ನು ಅದರಲ್ಲಿ ಕೈಬಿಟ್ಟು, ಕ್ರಮವಿಧಿಯನ್ನೇ ನೆಚ್ಚಿದ್ದರು. 1986ರಲ್ಲಿ ಅಮೆರಿಕದ ಟೆಕ್ಸಸ್‌ನ ಟೈಲರ್ ಪಟ್ಟಣದಲ್ಲಿ, ನಿರ್ವಾಹಕಿ ತಪ್ಪಾಗಿ ಬೆರಳಚ್ಚಿಸಿದ ಒಂದು ಅಕ್ಷರವನ್ನು ಥಟ್ಟನೆ ತಿದ್ದಿದಳು. ಯಂತ್ರದ ಅಯಸ್ಕಾಂತಗಳು ಸಜ್ಜಾಗಲು ಸುಮಾರು 8 ಸೆಕೆಂಡು ಬೇಕಿತ್ತು; ಆ ಅವಧಿಯೊಳಗಾದ ತಿದ್ದುಪಡಿ ಒಂದು ಭಾಗಕ್ಕೆ ತಿಳಿಯಿತು, ಇನ್ನೊಂದಕ್ಕೆ ತಿಳಿಯಲಿಲ್ಲ. ರೋಗಿಯ ಮೇಲೆ ಮಿತಿಮೀರಿದ ವಿಕಿರಣ ಬಿದ್ದಿತು. ತಯಾರಕರ ಪರೀಕ್ಷೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಸ್ಪತ್ರೆಯ ಭೌತವಿಜ್ಞಾನಿಯೂ ಅದೇ ನಿರ್ವಾಹಕಿಯೂ ಅದೇ ವೇಗದಲ್ಲಿ ಮತ್ತೆ ಮತ್ತೆ ಬೆರಳಚ್ಚಿಸಿ ನೋಡಿದಾಗಲೇ ದೋಷ ಹೊರಬಿದ್ದುದು. 1985ರಿಂದ 1987ರವರೆಗೆ ಈ ಯಂತ್ರದಿಂದ ಆರು ಮಂದಿಗೆ ಇಂತಹ ಅಪಘಾತವಾಯಿತು. ಕೆಲವರು ಪ್ರಾಣವನ್ನೇ ತೆತ್ತರು.

ನೂರು ಬಾರಿ ಸರಿಯಾಗಿ ನಡೆದುದು ನೂರೊಂದನೆಯ ಬಾರಿಯೂ ನಡೆಯುವುದೆಂಬ ಭರವಸೆ ಇಲ್ಲಿ ಸಲ್ಲದು. ಎರಡು ಕೈಗಳು ಒಂದೇ ವಸ್ತುವನ್ನು ಮುಟ್ಟುವ ತಾಣ ಯಾವುದೆಂದು ಮೊದಲೇ ಗುರುತಿಸಿ, ಅಲ್ಲಿ ಸರದಿಯನ್ನು ಗೊತ್ತುಮಾಡುವುದೇ ಜಾಣತನ. ಅಡುಗೆಮನೆಗಾದರೂ ಅಷ್ಟೆ, ಗಣಕಯಂತ್ರಕ್ಕಾದರೂ ಅಷ್ಟೆ.